ಮಂಡ್ಯದ ಕಬ್ಬಿನ ಗದ್ದೆ ಹತ್ತಿರ ಕಂಡಿದ್ದು ಲಿಂಕ್ಸ್ ಇರಬಹುದಾ?

ನಿಮ್ಮ ಪ್ರಶ್ನೆ ಇದು: ಪಾಂಡವಪುರದ ಹತ್ತಿರ, ಸಂಜೆ, ನಾಲೆ ಏರಿ ಮೇಲೆ ಒಂದು ದೊಡ್ಡ ಬೆಕ್ಕು ಕಂಡಿತು. ಉದ್ದ ಕಾಲು, ಗಿಡ್ಡ ಬಾಲ, ಕಿವಿ ತುದಿಯಲ್ಲಿ ಕಪ್ಪು ಕೂದಲು. ಮೊಬೈಲಲ್ಲಿ ಹುಡುಕಿದರೆ ಲಿಂಕ್ಸ್ ಅಂತ ಬಂತು. ನಮ್ಮ ಕಡೆ ಲಿಂಕ್ಸ್ ಇದೆಯಾ?

ಇಲ್ಲ. ನೀವು ನೋಡಿದ್ದು ನಮ್ಮ ಕಾಡುಬೆಕ್ಕು. ಆದರೆ ನಿಮ್ಮ ಕಣ್ಣು ಚುರುಕಾಗಿದೆ. ಕಿವಿಯ ಆ ಕೂದಲು ನೋಡಿ ಹಿಂದೆ ಯುರೋಪಿನವರೂ ಇದನ್ನು ಜೌಗಿನ ಲಿಂಕ್ಸ್ ಅಂತ ಕರೆದಿದ್ದರು.

ಗುರುತು ಹಿಡಿಯೋಕೆ ಬಾಲ ನೋಡಿ. ಲಿಂಕ್ಸ್ ಬಾಲ ಮೊಂಡು, ಹೆಚ್ಚೆಂದರೆ ಒಂದು ಗೇಣು. ಕಾಡುಬೆಕ್ಕಿನದು ಮನೆ ಬೆಕ್ಕಿಗಿಂತ ಗಿಡ್ಡ, ಆದರೂ ಹಿಂಗಾಲಿನ ಗಂಟಿನ ತನಕ ಇಳಿದಿರುತ್ತದೆ. ತುದಿ ಹತ್ತಿರ ಕಪ್ಪು ಬಳೆಗಳಿರುತ್ತವೆ. ಮೈ ಒಣಗಿದ ಕಬ್ಬಿನ ತರಗಿನ ಬಣ್ಣ. ಅದಕ್ಕೇ ನಾಲ್ಕು ಹೆಜ್ಜೆ ದೂರದಲ್ಲಿ ಕೂತಿದ್ದರೂ ಕಾಣುವುದಿಲ್ಲ.

ಲಿಂಕ್ಸ್‌ನಲ್ಲಿ ಈಗ ನಾಲ್ಕು ಜಾತಿ ಇವೆ. ಯುರೋಪಿನಿಂದ ಸೈಬೀರಿಯಾ, ಟಿಬೆಟ್ ತನಕ ಹರಡಿರುವ ಯುರೇಷಿಯಾದ ಲಿಂಕ್ಸ್ ಎಲ್ಲಕ್ಕಿಂತ ದೊಡ್ಡದು. ನಮ್ಮ ದೇಶದಲ್ಲಿ ಲಿಂಕ್ಸ್ ನೋಡಬೇಕೆಂದರೆ ಲಡಾಖಿಗೆ ಹೋಗಬೇಕು. ಅಲ್ಲಿರುವುದು ಇದೇ ಜಾತಿ. ಊರು, ಸೇನಾ ಶಿಬಿರಗಳ ಕಸ ತಿಂದು ಹೆಚ್ಚಿರುವ ನಾಯಿ ಹಿಂಡುಗಳು ಅಲ್ಲಿನ ಕಾಡುಪ್ರಾಣಿಗಳಿಗೆ ದೊಡ್ಡ ಕಾಟ. ಎರಡನೆಯ ಜಾತಿ, ಅಮೆರಿಕದ ಬಾಬ್‌ಕ್ಯಾಟ್, ಚೆನ್ನಾಗಿಯೇ ಬದುಕಿದೆ, ಚರ್ಮಕ್ಕಾಗಿ ಇವತ್ತಿಗೂ ಹಿಡಿಯುತ್ತಾರೆ. ಕೆನಡಾ ಲಿಂಕ್ಸ್ ಹಿಮದ ಮೊಲವನ್ನೇ ನಂಬಿಕೊಂಡಿದೆ. ಸುಮಾರು 10 ವರ್ಷಕ್ಕೊಮ್ಮೆ ಮೊಲ ಹೆಚ್ಚಿ ಮತ್ತೆ ಕುಸಿಯುತ್ತದೆ, ಅದರ ಹಿಂದೆಯೇ ಲಿಂಕ್ಸ್ ಕೂಡ.

ನನ್ನ ಮನಸ್ಸಿಗೆ ತುಂಬಾ ತಟ್ಟಿದ್ದು ನಾಲ್ಕನೆಯದರ ಕಥೆ, ಸ್ಪೇನಿನ ಐಬೀರಿಯನ್ ಲಿಂಕ್ಸ್. ಅದಕ್ಕೂ ಮೊಲವೇ ಅನ್ನ. 1950ರ ದಶಕದಲ್ಲಿ ಮೊಲಗಳಿಗೆ ಒಂದು ರೋಗ ಬಂತು, 80ರ ದಶಕದ ಕೊನೆಗೆ ಇನ್ನೊಂದು. ಜೊತೆಗೆ ಬೇಟೆ, ರಸ್ತೆ, ಕಡಿದ ಕಾಡು. 2002ರ ಹೊತ್ತಿಗೆ ಉಳಿದಿದ್ದು ನೂರಕ್ಕಿಂತ ಕಡಿಮೆ. ಆಮೇಲೆ ಅಲ್ಲಿನವರು ಲಿಂಕ್ಸ್ ಸಾಕಿ ಬಿಟ್ಟಿದ್ದಷ್ಟೇ ಅಲ್ಲ, ಮೊಲಗಳನ್ನೂ ಬೆಳೆಸಿದರು. ಜಮೀನಿನ ಮಾಲೀಕರನ್ನು ಒಪ್ಪಿಸಿದರು, ರಸ್ತೆ ಕೆಳಗೆ ದಾರಿ ಮಾಡಿಕೊಟ್ಟರು. ಈಗ ಸಂಖ್ಯೆ 2,000 ದಾಟಿದೆ. ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟಿದೆ ಅಂತ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್, 2024ರಲ್ಲಿ ಅದರ ಅಪಾಯ ಒಂದು ಮೆಟ್ಟಿಲು ಕಡಿಮೆಯಾಗಿದೆ ಅಂತ ಹೇಳಿತು. ಆದರೂ ಗಾಡಿಗೆ ಸಿಕ್ಕಿ ಸಾಯುವುದು ನಿಂತಿಲ್ಲ.

ಇದನ್ನೆಲ್ಲ ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. ಸ್ಪೇನಿನ ಲಿಂಕ್ಸ್‌ಗೆ ಮೊಲ ಹೇಗೋ ನಮ್ಮ ಕಾಡುಬೆಕ್ಕಿಗೆ ಇಲಿ ಹಾಗೆ. ನಾಲೆ ನೀರು, ಕಬ್ಬು, ಕಬ್ಬಿನ ಬುಡದಲ್ಲಿ ಇಲಿ ಬಿಲ. ಅದಕ್ಕೆ ಇದಕ್ಕಿಂತ ಒಳ್ಳೆ ಜಾಗ ಎಲ್ಲಿದೆ? ನಾವು ಇಲಿಗೆ ಪಾಷಾಣ ಇಡುತ್ತೇವೆ. ವಿಷ ತಿಂದ ಇಲಿ ಮೊದಲು ಮಂಕಾಗಿ ಓಡಾಡುತ್ತದೆ, ಸುಲಭವಾಗಿ ಬೆಕ್ಕಿನ ಬಾಯಿಗೆ ಸಿಗುತ್ತದೆ. ನಮ್ಮ ಗದ್ದೆಯಲ್ಲಿ ನಾನು ಪಾಷಾಣ ಇಡುವುದನ್ನು ಬಿಟ್ಟಿದ್ದೇನೆ.

ಕಟಾವಿನ ಕಾಲ ಇನ್ನೂ ಕಷ್ಟ. ಎರಡು ವರ್ಷದ ಹಿಂದೆ ನಮ್ಮ ಕೂಳೆ ಕಬ್ಬು ಕಡಿಯುವಾಗ ತರಗಿನ ಮಧ್ಯೆ ಮೂರು ಮರಿ ಸಿಕ್ಕವು. ಕಣ್ಣು ಆಗಷ್ಟೇ ಬಿಟ್ಟಿದ್ದವು, ಮೈಮೇಲೆ ಮಸುಕು ಗೆರೆ. ಮಚ್ಚು ಕೆಳಗಿಟ್ಟು ಎಲ್ಲರೂ "ಚಿರತೆ ಮರಿ, ಚಿರತೆ ಮರಿ" ಅಂತ ಹಿಂದೆ ಸರಿದರು. ನಮ್ಮ ಕಡೆ ಕಬ್ಬಿನಲ್ಲಿ ಚಿರತೆ ಮರಿ ಹಾಕೋದೂ ಉಂಟು, ಹೆದರಿದ್ದರಲ್ಲಿ ತಪ್ಪಿಲ್ಲ ಅಲ್ವಾ? ಆದರೆ ಚಿರತೆ ಮರಿಗೆ ಮೈತುಂಬ ಚುಕ್ಕೆ ಇರುತ್ತದೆ. ಒಬ್ಬ ಹುಡುಗ ಒಂದನ್ನು ಮನೆಗೆ ಒಯ್ಯುತ್ತೇನೆ ಅಂದ. ನಾನು ಬಿಡಲಿಲ್ಲ. ಅದರ ಹಿಂದಿನ ವರ್ಷ ಪಕ್ಕದ ಊರಲ್ಲಿ ಹೀಗೇ ತಂದು ಹಸುವಿನ ಹಾಲು ಕುಡಿಸಿದ್ದರು, ಮರಿ ನಾಲ್ಕು ದಿನಕ್ಕೆ ಸತ್ತಿತ್ತು. ಸುತ್ತ ನಾಲ್ಕು ಸಾಲು ಕಬ್ಬು ಹಾಗೇ ಬಿಟ್ಟು, ಅವತ್ತು ತರಗಿಗೆ ಬೆಂಕಿ ಹಾಕದೆ ಬಂದೆವು. ಬೆಳಿಗ್ಗೆ ಹೋಗಿ ನೋಡಿದರೆ ಜಾಗ ಖಾಲಿ. ತೇವದ ಮಣ್ಣಿನಲ್ಲಿ ತಾಯಿಯ ಹೆಜ್ಜೆ ಪಕ್ಕದ ಗದ್ದೆಗೆ ಹೋಗಿತ್ತು, ಮತ್ತೆ ಬಂದಿತ್ತು, ಮತ್ತೆ ಹೋಗಿತ್ತು.

ಹಾಗಾಗಿ ನೀವು ಕಂಡ ಬೆಕ್ಕನ್ನು ಹಿಡಿಸೋಕೆ ಯಾರಿಗೂ ಫೋನ್ ಮಾಡಬೇಡಿ, ಅದು ಅದರ ಮನೆಯಲ್ಲೇ ಇದೆ. ಹಿಡಿಯುವುದು ಕಾನೂನಿನ ಪ್ರಕಾರವೂ ಅಪರಾಧ. ಚಿರತೆ ಅಂತ ಅನುಮಾನ ಬಂದರೆ ಮಾತ್ರ ಅರಣ್ಯ ಇಲಾಖೆಗೆ ತಿಳಿಸಿ. ಬಾಲ ಕಾಣುವ ಫೋಟೋ ಇದ್ದರೆ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ. ಗದ್ದೆ ಯಾವುದು ಅಂತ ಮಾತ್ರ ಬರೆಯಬೇಡಿ.