ಎದ್ದದ್ದು, ಮುಗಿದದ್ದು, ಕಟ್ಟಿದ್ದು: ಇಂಗ್ಲಿಷಿನ ‘ಅಪ್’

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಕರಾವಳಿಯ ಓದುಗರಿಂದ ‘ಅಪ್’ ಎಂಬ ಒಂದೇ ಪುಟ್ಟ ಪದದ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಇಂಗ್ಲಿಷ್ ವಾಕ್ಯಗಳನ್ನು ಕಿವಿಗೆ ಬೀಳುವ ಹಾಗೆಯೇ ಕನ್ನಡದಲ್ಲಿ ಬರೆದಿದ್ದೇವೆ. ಸ್ವಲ್ಪ ಜೋರಾಗಿ ಓದಿಕೊಳ್ಳಿ, ಅರ್ಥ ಬೇಗ ಹಿಡಿಯುತ್ತದೆ.

‘ಅಪ್’ ಅಂದರೆ ಮೇಲೆ ಅಂತ ಶಾಲೆಯಲ್ಲಿ ಕಲಿತದ್ದು. ಆದರೆ ‘ಡ್ರಿಂಕ್ ಅಪ್’ ಅಂದರೆ ಕುಡಿದು ಮುಗಿಸು, ‘ಟೈಮ್ ಈಸ್ ಅಪ್’ ಅಂದರೆ ಸಮಯ ಮುಗಿಯಿತು. ಮೇಲಕ್ಕೂ ಮುಗಿಯುವುದಕ್ಕೂ ಎಂಥ ಸಂಬಂಧ?
– ಬಿ.ಎ. ವಿದ್ಯಾರ್ಥಿನಿ, ಪಡುಬಿದ್ರಿ

ನಳ್ಳಿಯ ಕೆಳಗೆ ಒಂದು ಕೊಡಪಾನ ಇಟ್ಟು ನೋಡಿ. ನೀರು ಮೇಲೇರುತ್ತಾ ಬರುತ್ತದೆ. ಬಾಯಿಯವರೆಗೆ ಬಂದರೆ ತುಂಬಿತು ಎನ್ನುತ್ತೇವೆ, ಅಲ್ಲಿಗೆ ನಳ್ಳಿ ನಿಲ್ಲಿಸುತ್ತೇವೆ. ಏರುವುದು, ತುಂಬುವುದು, ಮುಗಿಯುವುದು ಮೂರೂ ಒಂದೇ ಗಳಿಗೆಯಲ್ಲಿ ಬಂದು ಸೇರುತ್ತವೆ. ‘ಫಿಲ್ ಅಪ್’ನಲ್ಲಿ ಈ ಮೂರೂ ಇವೆ. ‘ಡ್ರಿಂಕ್ ಅಪ್’ಗೆ ಬರುವಾಗ ಏರುವುದು ಬಿಟ್ಟುಹೋಗಿದೆ. ಲೋಟದೊಳಗೆ ಮಟ್ಟ ಇಳಿಯುತ್ತಲೇ ಇದೆ, ಆದರೂ ಅದು ‘ಅಪ್’. ಉಳಿದದ್ದು ‘ಪೂರ್ತಿ’ ಎಂಬ ಅರ್ಥ ಮಾತ್ರ.

ಇದು ವಿಚಿತ್ರ ಅನ್ನಿಸಿದರೆ ನಮ್ಮದೇ ‘ಬಿಡು’, ‘ಹಾಕು’, ‘ಹೋಗು’ಗಳನ್ನು ನೆನೆಸಿಕೊಳ್ಳಿ. ‘ತಿಂದುಬಿಡು’ ಎನ್ನುವಾಗ ಯಾರೂ ಏನನ್ನೂ ಕೈಯಿಂದ ಬಿಡುವುದಿಲ್ಲ. ‘ಬಾವಿ ಬತ್ತಿಹೋಯಿತು’ ಎನ್ನುವಾಗ ಬಾವಿ ಎಲ್ಲಿಗೂ ಹೋಗುವುದಿಲ್ಲ. ‘ಅಪ್’ ಮಾಡುವುದೂ ಇದೇ ಕೆಲಸ. ‘ಈಟ್ ಇಟ್’ ಎಂದರೆ ತಿನ್ನು, ‘ಈಟ್ ಇಟ್ ಅಪ್’ ಎಂದರೆ ತಿಂದುಬಿಡು. ‘ಟೇರ್ ಅಪ್’ ಹರಿದುಹಾಕು, ‘ಡ್ರೈ ಅಪ್’ ಬತ್ತಿಹೋಗು, ‘ಯೂಸ್ ಅಪ್’ ಬಳಸಿ ಮುಗಿಸಿಬಿಡು.

ಹೋಲಿಕೆ ಎಷ್ಟು ಗಟ್ಟಿ ಎಂದು ಒರೆಗೆ ಹಚ್ಚಬಹುದು. ‘ಹತ್ತು ನಿಮಿಷ ಚಾ ಕುಡಿದ’ ಸರಿ. ‘ಹತ್ತು ನಿಮಿಷ ಚಾ ಕುಡಿದುಬಿಟ್ಟ’ ಕಿವಿಗೆ ಕೂರುವುದಿಲ್ಲ, ‘ಹತ್ತು ನಿಮಿಷದಲ್ಲಿ ಕುಡಿದುಬಿಟ್ಟ’ ಅನ್ನಬೇಕು. ಇಂಗ್ಲಿಷಿನಲ್ಲೂ ‘ಡ್ರ್ಯಾಂಕ್ ಅಪ್ ದ ಟೀ ಫಾರ್ ಟೆನ್ ಮಿನಿಟ್ಸ್’ ತಪ್ಪು, ‘ಇನ್ ಟೆನ್ ಮಿನಿಟ್ಸ್’ ಸರಿ. ಮುಗಿದ ಕೆಲಸಕ್ಕೆ ‘ಇಷ್ಟು ಹೊತ್ತಿನಲ್ಲಿ’ ಎಂದು ಹೇಳಬಹುದೇ ಹೊರತು ‘ಇಷ್ಟು ಹೊತ್ತು’ ಎಂದು ಅಳೆಯಲಾಗದು.

ಎಚ್ಚರಿಕೆ ಒಂದೇ. ನಮ್ಮ ‘ಬಿಡು’ವಿನಲ್ಲಿ ‘ಅಯ್ಯೋ, ಹೀಗಾಯಿತಲ್ಲ’ ಎಂಬ ಭಾವವೂ ಇದೆ, ‘ಅಪ್’ನಲ್ಲಿ ಅದಿಲ್ಲ. ‘ಬಿದ್ದುಬಿಟ್ಟೆ’ಯನ್ನು ‘ಫೆಲ್ ಅಪ್’ ಎಂದು ಹೇಳಲು ಹೋಗಬೇಡಿ.

‘ಬಿಡು’ ಹೊಂದದ ಕಡೆ ಇನ್ನೆರಡು ದಾರಿ ಹಿಡಿದು ನೋಡಿ. ಒಂದು ಹೆಚ್ಚಳ: ‘ಸ್ಪೀಡ್ ಅಪ್’, ‘ವಾರ್ಮ್ ಅಪ್’. ಇನ್ನೊಂದು ಬಿಗಿ: ‘ಬಟನ್ ಅಪ್’, ‘ಲಾಕ್ ಅಪ್’, ‘ಟೈ ಅಪ್’. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವಾಗ ಮಲ್ಪೆ ಬಂದರಿನಲ್ಲಿ ‘ದ ಬೋಟ್ಸ್ ಆರ್ ಟೈಡ್ ಅಪ್’: ಹಗ್ಗ ಬಿಗಿದು ನಿಲ್ಲಿಸಿದ್ದಾರೆ. ‘ದ ಮ್ಯಾನೇಜರ್ ಈಸ್ ಟೈಡ್ ಅಪ್’ ಎಂದರೆ ಅವರನ್ನು ಕೆಲಸ ಕಟ್ಟಿಹಾಕಿದೆ, ಬಿಡುವಿಲ್ಲ. ಎರಡು ಸಂಸ್ಥೆಗಳ ನಡುವಿನ ‘ಟೈಅಪ್’ ಕೂಡ ಅದೇ ಗಂಟು.

‘ಅಪ್’ಗೂ ಸಂಸ್ಕೃತದ ‘ಅಪ’ಕ್ಕೂ ನಂಟು ಉಂಟೇ?
– ನಿವೃತ್ತ ಸಂಸ್ಕೃತ ಅಧ್ಯಾಪಕರು, ಉಡುಪಿ

ನಂಟು ಉಂಟು, ಆದರೆ ‘ಅಪ’ದ ಜೊತೆಗಲ್ಲ, ‘ಉಪ’ದ ಜೊತೆಗೆ. ಸಂಸ್ಕೃತದ ‘ಉಪ’ ಮತ್ತು ಇಂಗ್ಲಿಷಿನ ‘ಅಪ್’ ಎರಡೂ ಒಂದೇ ಇಂಡೋ-ಯುರೋಪಿಯನ್ ಬೇರಿನಿಂದ ಬಂದವು. ‘ಉಪರಿ’ಗೆ ನೆಂಟ ಇಂಗ್ಲಿಷಿನ ‘ಓವರ್’, ಲ್ಯಾಟಿನ್ನಿನ ‘ಸೂಪರ್’. ನೀವು ಕೇಳಿದ ‘ಅಪ’ಕ್ಕೆ, ಅಂದರೆ ‘ದೂರ’ ಎಂಬ ಅರ್ಥದ ‘ಅಪಹರಣ’ದ ‘ಅಪ’ಕ್ಕೆ, ನೆಂಟ ‘ಆಫ್’. ಉಚ್ಚಾರ ನೋಡಿ ನೆಂಟಸ್ತಿಕೆ ಹೇಳಿದರೆ ಎಡವುವುದು ಹೀಗೆಯೇ.

ಆ ಹಳೆಯ ಬೇರಿನ ಅರ್ಥ ಕೆಳಗಿನಿಂದ ಮೇಲಕ್ಕೆ ಬರುವುದು. ‘ಉಪ’ದಲ್ಲಿ ‘ಸಮೀಪ’ ಎಂಬ ಅರ್ಥ ಬಲವಾಗಿ ಬೆಳೆಯಿತು. ‘ಅಪ್’ನಲ್ಲೂ ಅದು ಕಾಣುತ್ತದೆ: ‘ಹಿ ಕೇಮ್ ಅಪ್ ಟು ಮಿ’ ಎಂದರೆ ನನ್ನ ಹತ್ತಿರಕ್ಕೆ ಬಂದ. ನೆಲ ಸಪಾಟಾಗಿದ್ದರೂ ಇದನ್ನೇ ಅನ್ನುತ್ತಾರೆ, ಏರು ಇರಬೇಕೆಂದಿಲ್ಲ.

ಮಕ್ಕಳು ‘ಪಿಕ್ ಅಪ್ ಇಟ್’ ಎನ್ನುತ್ತಾರೆ. ತಪ್ಪು ಎಂದು ನನಗೆ ಗೊತ್ತು, ಕಾರಣ ಹೇಳಲು ಬರುವುದಿಲ್ಲ. ‘ಪಿಕ್ ಅಪ್ ದ ಬ್ಯಾಗ್’ ಸರಿಯಾದರೆ ‘ಪಿಕ್ ಅಪ್ ಇಟ್’ ಯಾಕೆ ಸರಿಯಲ್ಲ?
– ಪ್ರೌಢಶಾಲಾ ಶಿಕ್ಷಕರು, ಕಾರ್ಕಳ

ಇಂಗ್ಲಿಷ್ ವಾಕ್ಯದ ಕೊನೆ ಹೊಸ ವಿಷಯದ ಜಾಗ, ಒತ್ತು ಬೀಳುವ ಜಾಗ. ‘ಇಟ್’, ‘ದೆಮ್’, ‘ಹಿಮ್’ ಇವೆಲ್ಲ ಆಗಲೇ ಗೊತ್ತಿರುವುದನ್ನು ತೋರಿಸುವ ಹಗುರ ಪದಗಳು. ಕೊನೆಯ ಭಾರ ಅವುಗಳಿಂದ ಹೊರಲಾಗದು. ಹಾಗಾಗಿ ಅವು ಒಳಗೆ ಸರಿದು ‘ಪಿಕ್ ಇಟ್ ಅಪ್’ ಆಗುತ್ತದೆ, ಒತ್ತು ‘ಅಪ್’ ಮೇಲೆ ಬೀಳುತ್ತದೆ. ‘ಬ್ಯಾಗ್’ನಂಥ ನಾಮಪದ ಎರಡೂ ಕಡೆ ಕೂರಬಲ್ಲದು: ‘ಪಿಕ್ ಅಪ್ ದ ಬ್ಯಾಗ್’, ‘ಪಿಕ್ ದ ಬ್ಯಾಗ್ ಅಪ್’. ‘ನಿನ್ನೆ ಬಸ್ಸಿನಲ್ಲಿ ಮರೆತುಬಂದ ನೀಲಿ ಬ್ಯಾಗ್’ ಎಂಬಷ್ಟು ಉದ್ದದ ಪದಗುಚ್ಛವಾದರೆ ಕೊನೆಗೇ ಹಾಕಬೇಕು, ಇಲ್ಲದಿದ್ದರೆ ಕೇಳುವವನು ‘ಅಪ್’ಗಾಗಿ ಕಾದು ಸುಸ್ತಾಗುತ್ತಾನೆ.

ತರಗತಿಯಲ್ಲಿ ಇದನ್ನು ಚೀಟಿಗಳಿಂದ ತೋರಿಸಿ. ‘ಪಿಕ್’, ‘ಅಪ್’, ‘ದ ಬ್ಯಾಗ್’, ‘ಇಟ್’ ಎಂದು ನಾಲ್ಕು ದಪ್ಪ ಕಾಗದದ ಚೀಟಿ ಸಾಕು. ಮೊದಲು ‘ದ ಬ್ಯಾಗ್’ ಚೀಟಿಯನ್ನು ಎರಡೂ ಜಾಗದಲ್ಲಿ ಇಡಿಸಿ ಓದಿಸಿ. ಆಮೇಲೆ ಅದರ ಬದಲು ‘ಇಟ್’ ಕೊಡಿ ಮತ್ತು ಅದಕ್ಕೆ ನಡುವಿನ ಜಾಗ ಮಾತ್ರ ಎಂದು ಹೇಳಿ. ಕೈಯಲ್ಲಿ ಸರಿಸಿದ್ದು ಬರೀ ಬಾಯಿಪಾಠಕ್ಕಿಂತ ಹೆಚ್ಚು ದಿನ ಉಳಿಯುತ್ತದೆ.

ಮರುದಿನ ಈ ಎರಡು ವಾಕ್ಯ ಬರೆಯಿರಿ: ‘ಶಿ ರಾನ್ ಅಪ್ ಅ ಹಿಲ್’, ‘ಶಿ ರಾನ್ ಅಪ್ ಅ ಬಿಲ್’. ಮೊದಲನೆಯದು ಗುಡ್ಡ ಹತ್ತಿ ಓಡಿದ್ದು, ಕದ್ರಿ ಗುಡ್ಡ ಎಂದೇ ಇಟ್ಟುಕೊಳ್ಳಿ. ಎರಡನೆಯದು ಅಂಗಡಿಯಲ್ಲಿ ಲೆಕ್ಕ ಬೆಳೆಸಿದ್ದು. ನೋಡಲು ಅಚ್ಚು ಒಂದೇ. ಈಗ ‘ಇಟ್’ ಹಾಕಿಸಿ. ಗುಡ್ಡವಾದರೆ ‘ರಾನ್ ಅಪ್ ಇಟ್’, ಬಿಲ್ಲಾದರೆ ‘ರಾನ್ ಇಟ್ ಅಪ್’. ಗುಡ್ಡದ ‘ಅಪ್’ ಗುಡ್ಡಕ್ಕೆ ಅಂಟಿಕೊಂಡದ್ದು, ನಮ್ಮ ವಿಭಕ್ತಿಯ ಹಾಗೆ. ಬಿಲ್ಲಿನ ‘ಅಪ್’ ಕ್ರಿಯಾಪದಕ್ಕೆ ಅಂಟಿಕೊಂಡದ್ದು, ನಮ್ಮ ‘ಬಿಡು’ವಿನ ಹಾಗೆ. ‘ಇಟ್’ ನಡುವೆ ಬರಬೇಕಾದದ್ದು ಎರಡನೆಯ ಜಾತಿಗೆ ಮಾತ್ರ. ಈ ಭೇದ ಹೇಳದೆ ‘ಯಾವಾಗಲೂ ನಡುವೆ ಹಾಕಿ’ ಎಂದು ಕಲಿಸಿದರೆ ಮಕ್ಕಳು ‘ಕ್ಲೈಮ್ಡ್ ದ ಟ್ರೀ ಅಪ್’ ಎಂದು ಬರೆಯತೊಡಗುತ್ತಾರೆ.

‘ಅಪ್’ ಆದ ಮೇಲೆ ಇನ್ನೊಂದು ಪದ ಬಂದರೆ, ‘ಲುಕ್ ಅಪ್ ಟು’, ‘ಪುಟ್ ಅಪ್ ವಿತ್’ ಎಂಬಂತೆ, ಮೂರನ್ನೂ ಬಿಡಿಸಬಾರದು. ‘ವಿ ಲುಕ್ ಅಪ್ ಟು ಹಿಮ್’ ಎಂದರೆ ಅವರ ಮೇಲೆ ನಮಗೆ ಗೌರವ. ‘ವಿ ಲುಕ್ಡ್ ಹಿಮ್ ಅಪ್’ ಎಂದರೆ ಅವರ ವಿವರ ಹುಡುಕಿ ನೋಡಿದೆವು. ‘ಹಿಮ್’ ಕೂತ ಜಾಗದಿಂದ ಅರ್ಥವೇ ಬೇರೆಯಾಯಿತು.

ಸದ್ಯದಲ್ಲೇ ಬ್ರಿಟನ್ನಿನ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಹೋಗಲಿದ್ದೇನೆ. ಇಂಗ್ಲಿಷ್ ಪರೀಕ್ಷೆ ಪಾಸಾಗಿದೆ. ರೋಗಿಗಳು ಮಾತಾಡುವಾಗ ‘ಅಪ್’ ತುಂಬ ಬಳಸುತ್ತಾರೆ ಎಂದು ಅಲ್ಲಿರುವ ಗೆಳತಿ ಹೇಳಿದಳು. ಯಾವುದಕ್ಕೆ ಹೆಚ್ಚು ಎಚ್ಚರ ಬೇಕು?
– ಸ್ಟಾಫ್ ನರ್ಸ್, ಮಂಗಳೂರು

ನಿಮ್ಮ ಗೆಳತಿ ಹೇಳಿದ್ದು ಸರಿ. ರೋಗಿಗಳು ಪಠ್ಯಪುಸ್ತಕದ ಪದ ಬಳಸುವುದು ಕಡಿಮೆ. ‘ವಾಮಿಟ್’ ಬದಲು ‘ಥ್ರೋ ಅಪ್’ ಎನ್ನುತ್ತಾರೆ, ಇದರಲ್ಲಿ ಗೊಂದಲವಿಲ್ಲ. ಗೊಂದಲ ಇರುವುದು ‘ಬ್ರಿಂಗ್ ಅಪ್’ನಲ್ಲಿ. ಕೆಮ್ಮಿ ಕಫ ತೆಗೆದರೂ, ವಾಂತಿ ಮಾಡಿದರೂ ‘ಬ್ರಾಟ್ ಅಪ್’. ‘ಐ ಬ್ರಾಟ್ ಅಪ್ ಸಮ್ ಬ್ಲಡ್’ ಎಂದು ರೋಗಿ ಹೇಳಿದರೆ ಹಾಗೆಯೇ ಬರೆದುಕೊಂಡು ಮುಂದೆ ಹೋಗಬೇಡಿ. ಕೆಮ್ಮಿದಾಗ ಬಂತೋ, ವಾಂತಿಯಲ್ಲಿ ಬಂತೋ ಎಂದು ಅಲ್ಲೇ ಕೇಳಿ. ಒಂದು ಶ್ವಾಸಕೋಶದ ಕಡೆಗೆ ಬೆರಳು ತೋರಿಸುತ್ತದೆ, ಇನ್ನೊಂದು ಜಠರದ ಕಡೆಗೆ. ಎರಡಕ್ಕೂ ತಪಾಸಣೆಯೇ ಬೇರೆ.

‘ಐ ಆಮ್ ಬಂಗ್ಡ್ ಅಪ್’ ಎಂದರೂ ಹೀಗೆಯೇ. ಮೂಗು ಕಟ್ಟಿದರೂ ಅದೇ ಮಾತು, ಮಲಬದ್ಧತೆಗೂ ಅದೇ ಮಾತು. ನಾಚಿಕೆ ಪಡದೆ ಯಾವುದೆಂದು ಕೇಳಿಬಿಡಿ.

‘ಐ ವಾಸ್ ಅಪ್ ಆಲ್ ನೈಟ್’ ಎಂದರೆ ರಾತ್ರಿಯಿಡೀ ನಿದ್ದೆ ಇಲ್ಲ. ‘ಅಪ್ ಫೋರ್ ಟೈಮ್ಸ್’ ಎಂದರೆ ನಾಲ್ಕು ಸಲ ಎದ್ದದ್ದು. ಅದು ಮೂತ್ರಕ್ಕೋ, ನೋವಿಗೋ ಎಂದು ಕೇಳಿ ಬರೆದುಕೊಳ್ಳಿ. ‘ಅಪ್ ಆ್ಯಂಡ್ ಅಬೌಟ್’ ಎಂದರೆ ಹಾಸಿಗೆ ಬಿಟ್ಟು ಓಡಾಡುತ್ತಿದ್ದಾರೆ. ‘ಐ ಆಮ್ ನಾಟ್ ಅಪ್ ಟು ಇಟ್’ ಎಂದರೆ ಅಷ್ಟು ಶಕ್ತಿ ಇಲ್ಲ, ಆಗುವುದಿಲ್ಲ. ಇದನ್ನು ಇಷ್ಟವಿಲ್ಲ ಎಂದು ತಿಳಿದರೆ ರೋಗಿಗೆ ಅನ್ಯಾಯ.

ಸಹೋದ್ಯೋಗಿಗಳ ಬಾಯಲ್ಲಿ ಕೇಳುವುವು ಬೇರೆ. ‘ಡ್ರಾ ಅಪ್’ ಎಂದರೆ ಔಷಧವನ್ನು ಸಿರಿಂಜಿಗೆ ಎಳೆದುಕೊಳ್ಳುವುದು, ‘ಪುಟ್ ಅಪ್ ಅ ಡ್ರಿಪ್’ ಎಂದರೆ ಡ್ರಿಪ್ ಹಾಕುವುದು, ವೈದ್ಯರು ‘ರೈಟ್ ಅಪ್’ ಮಾಡುವುದು ಎಂದರೆ ಔಷಧವನ್ನು ಚಾರ್ಟಿನಲ್ಲಿ ಬರೆದುಕೊಡುವುದು.

ಎಲ್ಲಕ್ಕಿಂತ ಅಪಾಯದ್ದು ಪ್ರಮಾಣ ಹೇಳುವಾಗಿನ ‘ಅಪ್’. ಆಮ್ಲಜನಕ ನಿಮಿಷಕ್ಕೆ 2 ಲೀಟರಿನಲ್ಲಿ ಹೋಗುತ್ತಿದೆ ಎಂದುಕೊಳ್ಳಿ. ‘ಟರ್ನ್ ಇಟ್ ಅಪ್ ಟು ಫೋರ್’ ಎಂದರೆ 4ಕ್ಕೆ ಏರಿಸಿ. ‘ಟರ್ನ್ ಇಟ್ ಅಪ್ ಬೈ ಫೋರ್’ ಎಂದರೆ ಇನ್ನೂ 4 ಸೇರಿಸಿ, ಒಟ್ಟು 6. ಇನ್ನು ‘ಗಿವ್ ಅಪ್ ಟು ಫೋರ್’ ಎಂದರೆ ಅಗತ್ಯ ನೋಡಿ ಹೆಚ್ಚೆಂದರೆ 4, ಅಷ್ಟೇ ಕೊಡಬೇಕೆಂದಿಲ್ಲ. ಗದ್ದಲದ ವಾರ್ಡಿನಲ್ಲಿ ‘ಟು’ ಮತ್ತು ‘ಬೈ’ ಮಾತ್ರವಲ್ಲ, ‘ಇಷ್ಟಕ್ಕೆ’ ಎಂಬ ಅರ್ಥದ ‘ಟು’ ಮತ್ತು ಎರಡು ಎಂಬ ಅರ್ಥದ ‘ಟೂ’ ಕೂಡ ಕಲಸಿಹೋಗುತ್ತವೆ. ಕೇಳಿದ್ದನ್ನು ತಿರುಗಿ ಹೇಳಿ, ‘ಫ್ರಮ್ ಟೂ, ನೌ ಫೋರ್ ಇನ್ ಟೋಟಲ್, ಯೆಸ್?’ ಎಂದು. ಹೌದು ಎಂದ ಮೇಲೆಯೇ ಗುಂಡಿ ತಿರುಗಿಸಿ.

ಕೊನೆಗೊಂದು ಮಾತು. ಬಾಗಿಲು ತಟ್ಟಿ ಎಬ್ಬಿಸುವುದಕ್ಕೆ ಬ್ರಿಟನ್ನಿನ ಹಿರಿಯರು ‘ನಾಕ್ ಅಪ್’ ಎನ್ನುವುದುಂಟು. ನೀವು ಬಳಸಬೇಡಿ. ಗರ್ಭಿಣಿ ಮಾಡುವುದು ಎಂಬ ಒರಟು ಅರ್ಥವೂ ಅದಕ್ಕಿದೆ. ‘ವೇಕ್ ಅಪ್’ ಸಾಕು.

ಕಚೇರಿ ಮೇಲ್‌ಗಳಲ್ಲಿ ನಾವು ಬರೆಯುವ ‘ಕೋಪ್ ಅಪ್ ವಿತ್’, ‘ಪುಟ್ ಅಪ್ ಅಟ್’ ತಪ್ಪೇ? ಮೀಟಿಂಗ್ ‘ಮೂವ್ಡ್ ಅಪ್’ ಎಂದು ಅಮೆರಿಕದ ಕ್ಲೈಂಟ್ ಬರೆದರೆ ಮುಂದಕ್ಕೋ ಹಿಂದಕ್ಕೋ?
– ಸಾಫ್ಟ್‌ವೇರ್ ಉದ್ಯೋಗಿ, ಮಣಿಪಾಲ

‘ಕೋಪ್ ಅಪ್ ವಿತ್’ ತಪ್ಪು, ‘ಕೋಪ್ ವಿತ್’ ಸಾಕು. ‘ಕೀಪ್ ಅಪ್ ವಿತ್’, ‘ಪುಟ್ ಅಪ್ ವಿತ್’ಗಳ ಪ್ರಭಾವದಿಂದ ಇದರೊಳಗೂ ಒಂದು ‘ಅಪ್’ ನುಸುಳಿದೆ. ‘ಐ ಆಮ್ ಪುಟ್ ಅಪ್ ಅಟ್ ಬಿಜೈ’ ಎಂದರೆ ನಮ್ಮ ದೇಶದಲ್ಲಿ ಎಲ್ಲರಿಗೂ ತಿಳಿಯುತ್ತದೆ. ಹೊರಗಿನವರಿಗೆ ‘ಐ ಆಮ್ ಸ್ಟೇಯಿಂಗ್ ಇನ್ ಬಿಜೈ’ ಎಂದೇ ಬರೆಯಿರಿ. ಅವರಿಗೆ ‘ಪುಟ್ ಸಮ್‌ಒನ್ ಅಪ್’ ಎಂದರೆ ಮನೆಯಲ್ಲಿ ಉಳಿಸಿಕೊಳ್ಳುವುದು.

‘ಮೂವ್ಡ್ ಅಪ್’ ಎಂದು ಅಮೆರಿಕದವರು ಬರೆದರೆ ಸಾಮಾನ್ಯವಾಗಿ ಮೊದಲಿನ ದಿನಕ್ಕೆ ತಂದಿದ್ದಾರೆ ಎಂದರ್ಥ, ನಾವು ‘ಪ್ರಿಪೋನ್’ ಎನ್ನುವುದು. ಬ್ರಿಟನ್ನಿನವರು ಇದಕ್ಕೇ ‘ಬ್ರಾಟ್ ಫಾರ್ವರ್ಡ್’ ಎನ್ನುತ್ತಾರೆ. ಕನ್ನಡಿಗರು ಜಾರುವುದು ಇಲ್ಲೇ. ನಮಗೆ ‘ಮುಂದೂಡು’ ಎಂದರೆ ತಡಮಾಡುವುದು. ‘ಫಾರ್ವರ್ಡ್’ ಎಂದ ಕೂಡಲೇ ‘ಮುಂದಕ್ಕೆ’ ಎಂದು ತಿಳಿದು ಬುಧವಾರದ ಮೀಟಿಂಗಿಗೆ ಶುಕ್ರವಾರ ಸಿದ್ಧವಾಗುತ್ತೇವೆ, ಅದು ಸೋಮವಾರವೇ ಮುಗಿದಿರುತ್ತದೆ. ‘ಫ್ರಮ್ ವೆನ್ಸ್‌ಡೇ 10 ಟು ಮಂಡೇ 8’ ಎಂದು ಹಳೆಯ ಮತ್ತು ಹೊಸ ದಿನಾಂಕ ಎರಡನ್ನೂ ಬರೆದು ಖಚಿತಪಡಿಸಿಕೊಳ್ಳಿ.

ನಮ್ಮ ಕಾಲೇಜಿನಲ್ಲಿ ‘ಮೇಕಪ್ ಎಕ್ಸಾಮ್’ ಎನ್ನುತ್ತಾರೆ. ಯಕ್ಷಗಾನದ ಚೌಕಿಯ ಮೇಕಪ್ಪಿಗೂ ಇದಕ್ಕೂ ಏನು ಸಂಬಂಧ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ಎರಡೂ ‘ಮೇಕ್ ಅಪ್’ ಎಂಬ ಕ್ರಿಯಾಪದದಿಂದ ಬಂದವು. ಅದರ ಒಂದು ಅರ್ಥ ಕೊರತೆ ತುಂಬಿಕೊಡುವುದು, ತಪ್ಪಿಹೋದ ಪರೀಕ್ಷೆಯದ್ದು ಅದು. ಇನ್ನೊಂದು ಅರ್ಥ ಬೇಕಾದ್ದನ್ನು ಕೂಡಿಸಿ ಒಂದು ರೂಪ ಕಟ್ಟುವುದು, ಚೌಕಿಯ ಬಣ್ಣದ್ದು ಅದು. ಇಲ್ಲದ ಕಥೆ ಕಟ್ಟುವುದೂ ‘ಮೇಕ್ ಅಪ್’ ಆಗಿರುವುದು ಇದರಿಂದಲೇ.

ಇಲ್ಲೊಂದು ಸಂಗತಿ ಗಮನಿಸಿ. ಕನ್ನಡ ಎರವಲು ತಂದ ‘ಅಪ್’ಗಳೆಲ್ಲ ಹೆಚ್ಚುಕಡಿಮೆ ನಾಮಪದಗಳೇ: ಮೇಕಪ್, ಚೆಕಪ್, ಪಿಕಪ್, ಲಾಕಪ್, ಬ್ಯಾಕಪ್, ಗೆಟಪ್. ಕ್ರಿಯೆ ಬೇಕಾದಾಗ ‘ಮಾಡು’ ಸೇರಿಸುತ್ತೇವೆ, ‘ಬ್ಯಾಕಪ್ ಮಾಡಿದೆ’ ಎಂದು. ಇದೇ ಅಭ್ಯಾಸದಲ್ಲಿ ಇಂಗ್ಲಿಷ್ ಬರೆಯುವಾಗ ‘ಐ ಬ್ಯಾಕಪ್ಡ್ ದ ಫೈಲ್’ ಎಂದು ಹೋಗುತ್ತದೆ. ಇಂಗ್ಲಿಷಿನಲ್ಲಿ ‘ಬ್ಯಾಕಪ್’ ನಾಮಪದ, ಒಂದೇ ಪದವಾಗಿ ಬರೆಯುವುದು, ಒತ್ತು ‘ಬ್ಯಾಕ್’ ಮೇಲೆ. ಕ್ರಿಯಾಪದವಾದರೆ ಎರಡು ಪದ, ಒತ್ತು ‘ಅಪ್’ ಮೇಲೆ, ಭೂತಕಾಲದ ಗುರುತು ಮೊದಲ ಪದಕ್ಕೆ: ‘ಐ ಬ್ಯಾಕ್ಡ್ ಅಪ್ ದ ಫೈಲ್’. ‘ಸೆಟಪ್’, ‘ಸೆಟ್ ಅಪ್’ಗೂ ಇದೇ ನಿಯಮ. ‘ಸೆಟ್’ ಭೂತಕಾಲದಲ್ಲೂ ಬದಲಾಗದ ಕಾರಣ ಅಲ್ಲಿ ಏನನ್ನೂ ಸೇರಿಸಬೇಕಿಲ್ಲ.

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವುದು ‘ಅಪ್’ ಆದರೆ ಮುಂಬೈಗೆ ಹೋಗುವುದು ಏನು? ಸಮುದ್ರ ದಂಡೆಯಲ್ಲೇ ಉಂಟಲ್ಲ!
– ಓದುಗರು, ಉಳ್ಳಾಲ

ಎರಡೂ ‘ಅಪ್’. ಬೆಂಗಳೂರಿಗೆ ಹೋಗುವಾಗ ಘಟ್ಟ ಹತ್ತುತ್ತೀರಿ, ಅದು ನೆಲದ ಏರು. ‘ಮೇಲೆ’ ಎಂಬ ಅರ್ಥದ ತುಳುವಿನ ‘ಮಿತ್ತ್’ ಎಂದರೂ ಹೊಂದುತ್ತದೆ. ಮುಂಬೈ ಉತ್ತರಕ್ಕಿದೆ, ನಕ್ಷೆಯಲ್ಲಿ ಮೇಲೆ, ಹಾಗಾಗಿ ‘ಅಪ್ ಟು ಮುಂಬೈ’. ಅದೇ ಲೆಕ್ಕದಲ್ಲಿ ಕಾಸರಗೋಡಿಗೆ ‘ಡೌನ್’. ಬ್ರಿಟನ್ನಿನ ರೈಲ್ವೆಯವರಿಗೆ ಇದಾವುದೂ ಲೆಕ್ಕಕ್ಕಿಲ್ಲ. ಅಲ್ಲಿ ಲಂಡನ್ನಿನ ಕಡೆಗೆ ಹೋಗುವ ಹಳಿ ‘ಅಪ್’, ಗಾಡಿ ಬೆಟ್ಟ ಇಳಿಯುತ್ತಿದ್ದರೂ, ದಕ್ಷಿಣಕ್ಕೆ ಮುಖ ಮಾಡಿದ್ದರೂ.