12 ಅಡಿ ಎತ್ತರಕ್ಕೂ ಹಗ್ಗ ಬೇಕಾ ಅಂತ ಕೇಳಿದವರಿಗೆ

ಸೋಮವಾರಪೇಟೆ ಕಡೆಯ ಹಳೇ ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆ) ಸಿಮೆಂಟ್ ಶೀಟನ್ನು ಮಳೆಗಾಲಕ್ಕೆ ಮೊದಲು ಬದಲಿಸಬೇಕು, 12 ಅಡಿಗೆಲ್ಲ ಹಗ್ಗ, ಬೆಲ್ಟ್ ಯಾಕೆ ಅಂತ ಮೇಸ್ತ್ರಿ ಹೇಳುತ್ತಾರೆ, ಒತ್ತಾಯ ಮಾಡಲಾ ಅಂತ ಕೇಳಿದ್ದೀರಿ. ಖಂಡಿತ ಮಾಡಿ. ಆದರೆ ಹಗ್ಗಕ್ಕಿಂತ ಮೊದಲು ನೋಡಬೇಕಾದ್ದು ಬೇರೆ ಇದೆ.

ನಾನು ಗೋಣಿಕೊಪ್ಪ ಸುತ್ತಮುತ್ತ ಎಂಟು ವರ್ಷ ಮಾಡು ಹಾಕುವ ಕೆಲಸ ಮಾಡಿದವನು. ಒಂದು ಮೇ ತಿಂಗಳಲ್ಲಿ ಕಾಫಿ ಗೋಡೌನಿನ ಮೇಲೆ ನಾವಿಬ್ಬರು ಇದ್ದೆವು. ನನ್ನ ಜೊತೆಗಾರ ಅಂಚಿನಿಂದ ಜಾರಲಿಲ್ಲ. ನಡುವೆ ನಿಂತ ಜಾಗದಲ್ಲೇ ಶೀಟ್ ಮುರಿದು ಒಳಗೆ ಬಿದ್ದ. ಅಲ್ಲೂ 12 ಅಡಿಯೇ. ಅಷ್ಟು ಎತ್ತರದಿಂದ ಬೀಳಲು ಒಂದು ಸೆಕೆಂಡೂ ಬೇಡ. ನೆಲ ಮುಟ್ಟುವಾಗ ವೇಗ ಗಂಟೆಗೆ 30 ಕಿಲೋಮೀಟರ್ ಇರುತ್ತದೆ. ಅವನಿಗೆ ಕೂಗಲೂ ಆಗಲಿಲ್ಲ.

ನಮ್ಮ ಕಡೆ ಶೀಟಿನ ಮೇಲೆ ಪಾಚಿ, ಸಿಲ್ವರ್ ಓಕ್ ಎಲೆ ಜಾಸ್ತಿ. ಬಿರುಕು ಕಾಣುವುದಿಲ್ಲ. ಬೆಳಕಿಗೆ ಹಾಕಿದ ಫೈಬರ್ ಶೀಟ್ ಯಾವುದು ಅಂತಲೂ ಗೊತ್ತಾಗುವುದಿಲ್ಲ. ಬೋಲ್ಟ್ ಸಾಲಿನ ಮೇಲೆ ಕಾಲಿಟ್ಟರೆ ಏನೂ ಆಗಲ್ಲ ಅಂತಾರೆ. ಅವನೂ ಅಲ್ಲೇ ಕಾಲಿಟ್ಟಿದ್ದ.

ಹಾಗಾಗಿ ಯಾರೂ ಶೀಟಿನ ಮೇಲೆ ಹತ್ತದ ಹಾಗೆ ಕೆಲಸ ಮಾಡಿಸಿ. ಒಳಗಡೆ ಸಾರ್ವೆ ಕಟ್ಟಿ, ಕೆಳಗಿನಿಂದಲೇ ಬೋಲ್ಟ್ ಕತ್ತರಿಸಿ ಇಳಿಸಬಹುದು. ಶೀಟ್ ಒಡೆಯಬೇಡಿ, ಹಳೇ ಸಿಮೆಂಟ್ ಶೀಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಅದರ ಧೂಳು ಎದೆಗೆ ಕೆಟ್ಟದ್ದು. ಹತ್ತಲೇಬೇಕಾದರೆ, ಶೀಟನ್ನು ಹೊರುವ ಎರಡು ಅಡ್ಡಪಟ್ಟಿಗಳ ಮೇಲೆ ಕೂರುವಷ್ಟು ಉದ್ದದ ಹಲಗೆ ಹಾಕಿಸಿ. ಬೆಲ್ಟಿನ ಹಗ್ಗ ಗಿಡ್ಡ ಇರಲಿ, ಗಟ್ಟಿ ತೊಲೆಗೆ ಕಟ್ಟಿರಲಿ. ಹಗ್ಗ ಉದ್ದ ಬಿಟ್ಟರೆ ಅದು ಬಿಗಿಯಾಗುವ ಮೊದಲೇ ಮನುಷ್ಯ ನೆಲ ಮುಟ್ಟಿರುತ್ತಾನೆ.

ಇನ್ನೊಂದು ಹೇಳಲೇಬೇಕು. ಅವನು ಬಿದ್ದಾಗ ನಾವು ನಾಲ್ಕು ಜನ ಕೈಕಾಲು ಹಿಡಿದು ಎತ್ತಿ, ಜೀಪಿನ ಹಿಂದೆ ಕೂರಿಸಿದೆವು. ಬೆನ್ನುಮೂಳೆ ಮುರಿದಿತ್ತು. ಮಡಿಕೇರಿಯಿಂದ ಮತ್ತೆ ಮೈಸೂರಿಗೆ, ಸುಮಾರು 120 ಕಿಲೋಮೀಟರ್. ಇವತ್ತಿಗೂ ಅವನಿಗೆ ಸೊಂಟದ ಕೆಳಗೆ ಸ್ಪರ್ಶ ಇಲ್ಲ. ಬಿದ್ದಾಗಲೇ ಹಾಗಾಯಿತೋ, ನಾವು ಎತ್ತಿದ್ದರಿಂದಲೋ ಅನ್ನುವುದು ರಾತ್ರಿ ಹೊತ್ತು ನನ್ನನ್ನು ಕಾಡುತ್ತದೆ. ಯಾರಾದರೂ ಬಿದ್ದರೆ ಎತ್ತಬೇಡಿ, ಕೂರಿಸಬೇಡಿ. ತಲೆ, ಕತ್ತು ಅಲುಗದಂತೆ ಹಿಡಿದುಕೊಂಡು 108ಕ್ಕೆ ಫೋನ್ ಮಾಡಿ.

ಕೆಲಸದವರ ಹತ್ತಿರ, ಅಪಘಾತವಾದರೆ ನೆರವು ಕೊಡುವ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಇದೆಯಾ ಅಂತಲೂ ಕೇಳಿ. 18ರಿಂದ 60 ವರ್ಷದವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಮಾಡಿಸಬಹುದು. ನನ್ನ ಜೊತೆಗಾರ ಮಾಡಿಸಿರಲಿಲ್ಲ.

ಸಾರ್ವೆ, ಹಲಗೆ, ಬೆಲ್ಟಿನ ದುಡ್ಡನ್ನು ನೀವೇ ಬೇರೆಯಾಗಿ ಕೊಡಿ. ಗುತ್ತಿಗೆ ರೇಟಿನಲ್ಲಿ ಸೇರಿಸಿದರೆ ಮೇಸ್ತ್ರಿ ಮೊದಲು ಉಳಿಸುವುದು ಅದನ್ನೇ. ಮಳೆ ಬೇಗ ಬಂದರೂ ಅವಸರ ಮಾಡಬೇಡಿ, ಟಾರ್ಪಾಲ್ ಹೊದಿಸಿಕೊಂಡು ನಾಲ್ಕು ದಿನ ಕಾಯಬಹುದು ಅಲ್ವಾ?