ಯಾರೂ ನೋಡದ ಡಿಕ್ಕಿಯನ್ನು ಓದುವುದು ಹೇಗೆ?

ಪ್ರಶ್ನೆ: ಮಗಳು ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸುತ್ತಿದ್ದಾಳೆ. ಖಂಡಗಳು ಹೇಗೆ ಹುಟ್ಟಿದವು, ಹೇಗೆ ಡಿಕ್ಕಿ ಹೊಡೆದವು ಅನ್ನೋದರ ಮೇಲೇ ಪಿಎಚ್‌.ಡಿ. ಮಾಡ್ತಾಳಂತೆ. ಕೋಟ್ಯಂತರ ವರ್ಷದ ಹಿಂದೆ ನಡೆದದ್ದನ್ನು ಯಾರೂ ನೋಡಿಲ್ಲ. ಇದರಲ್ಲಿ ಜೀವಮಾನವಿಡೀ ಮಾಡೋ ಕೆಲಸ ಏನಿದೆ?

ಉತ್ತರ: ಒಂದು ಜೀವಮಾನ ಸಾಲದಷ್ಟಿದೆ. ಭಾರತ ಹೋಗಿ ಏಷ್ಯಾಕ್ಕೆ ಗುದ್ದಿದ್ದು ಸುಮಾರು 5 ಕೋಟಿ ವರ್ಷದ ಹಿಂದೆ ಅಂತ ಎಲ್ಲರೂ ಓದಿರುತ್ತೇವೆ, ಅಲ್ವಾ? ಆದರೆ ಸರಿಯಾಗಿ ಯಾವಾಗ, ಒಂದೇ ಸಲಕ್ಕೋ ಎರಡು ಹಂತದಲ್ಲೋ ಅನ್ನುವ ವಾದ ಇವತ್ತಿಗೂ ಮುಗಿದಿಲ್ಲ.

ನೋಡಿದವರಿಲ್ಲ, ನಿಜ. ಕಲ್ಲುಗಳಿವೆ. ಎವರೆಸ್ಟಿನ ತುದಿಯಲ್ಲಿರುವುದು ಸಮುದ್ರದ ತಳದಲ್ಲಿ ಕೂಡಿದ ಸುಣ್ಣಕಲ್ಲು, ಅದರೊಳಗೆ ಕಡಲಜೀವಿಗಳ ಚೂರುಗಳೂ ಸಿಗುತ್ತವೆ. ವಯಸ್ಸು ಹೇಳುವುದು ಜಿರ್ಕಾನ್ ಅನ್ನುವ ಹರಳು, ಮರಳಿನ ಕಾಳಿನಷ್ಟೇ ಇರುತ್ತದೆ. ಅದು ಬೆಳೆಯುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಬಿಟ್ಟುಕೊಳ್ಳುವುದೇ ಇಲ್ಲ. ಆಮೇಲೆ ಆ ಯುರೇನಿಯಂ ನಿಧಾನಕ್ಕೆ ಸೀಸವಾಗುತ್ತಾ ಹೋಗುತ್ತದೆ, ಹಾಗಾಗಿ ಎರಡನ್ನೂ ಅಳೆದರೆ ಹರಳು ಹುಟ್ಟಿದ ಕಾಲ ಸಿಗುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಇಂಥ ಹರಳುಗಳಲ್ಲಿ ಕೆಲವಕ್ಕೆ 400 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಸಾಗರದ ತಳದಲ್ಲಿ ಅಷ್ಟು ಹಳೆಯದು ಉಳಿಯುವುದಿಲ್ಲ, ಅದು ಮತ್ತೆ ಭೂಮಿಯೊಳಕ್ಕೆ ಜಾರಿಹೋಗುತ್ತದೆ. ಖಂಡ ಹಗುರ, ಹಾಗಾಗಿ ಮೇಲೇ ಉಳಿಯುತ್ತದೆ.

ಖಂಡ ಹಗುರ, ಅದು ಬಹಳ ಆಳಕ್ಕೆ ಇಳಿಯಲಾರದು ಅಂತಲೇ ತುಂಬ ಜನ ನಂಬಿದ್ದರು. 1984ರಲ್ಲಿ ಫ್ರಾನ್ಸಿನ ಭೂವಿಜ್ಞಾನಿ ಕ್ರಿಸ್ಟಿಯನ್ ಶೋಪ್ಯಾಂ ಆಲ್ಪ್ಸ್ ಪರ್ವತದ ಗಾರ್ನೆಟ್ ಅನ್ನುವ ಹರಳೊಂದರೊಳಗೆ ಕೊಯೆಸೈಟ್ ಕಣಗಳನ್ನು ಕಂಡರು. ಕೊಯೆಸೈಟ್ ಅಂದರೆ ಬೆಣಚುಕಲ್ಲಿನ ಖನಿಜವೇ ಭಾರೀ ಒತ್ತಡದಲ್ಲಿ ತಳೆಯುವ ಇನ್ನೊಂದು ರೂಪ. ಸುಮಾರು 90 ಕಿ.ಮೀ. ಆಳದ ಒತ್ತಡ ಇಲ್ಲದೆ ಅದು ಹುಟ್ಟುವುದಿಲ್ಲ. ಅಂದರೆ ಡಿಕ್ಕಿಯಲ್ಲಿ ಖಂಡದ ಅಂಚು ಅಷ್ಟು ಕೆಳಗೆ ಹೋಗಿ ವಾಪಸ್ ಬಂದಿದೆ! ಸೂಕ್ಷ್ಮದರ್ಶಕದ ಕೆಳಗಿನ ಒಂದು ಚುಕ್ಕೆ ಇಡೀ ಕ್ಷೇತ್ರದ ತಿಳಿವಳಿಕೆ ಬದಲಿಸಿತು. ನನಗೆ ಈ ವಿಷಯ ಎಷ್ಟು ಸಲ ಓದಿದರೂ ಮೈ ಜುಮ್ಮೆನ್ನುತ್ತದೆ.

ಕಷ್ಟವನ್ನೂ ಹೇಳಿಬಿಡುತ್ತೇನೆ. ಪಿಎಚ್‌.ಡಿ. ಆದ ಮೇಲೆ ಎರಡು ಮೂರು ವರ್ಷದ ತಾತ್ಕಾಲಿಕ ಹುದ್ದೆಗಳಲ್ಲಿ ಊರೂರು ತಿರುಗಬೇಕಾಗಬಹುದು, ಕಾಯಂ ಕೆಲಸಕ್ಕೆ ಪೈಪೋಟಿ ಜೋರು. ಖಂಡಗಳು ಸರಿಯುತ್ತವೆ ಎಂದು 1912ರಲ್ಲಿ ಹೇಳಿದ ಆಲ್ಫ್ರೆಡ್ ವೆಗೆನರ್‌ಗೆ ಪ್ರೊಫೆಸರ್ ಹುದ್ದೆ ಸಿಕ್ಕಿದ್ದು 1924ರಲ್ಲಿ. ಅವರ ಮಾತನ್ನು ಲೋಕ ಒಪ್ಪುವ ಹೊತ್ತಿಗೆ ಅವರು ತೀರಿಕೊಂಡು ಮೂರು ದಶಕ ದಾಟಿತ್ತು.

ಮಗಳನ್ನು ತಡೆಯಬೇಡಿ. ಆದರೆ ಗೈಡ್ ಹುಡುಕುವಾಗ ಸಂಸ್ಥೆಯ ಹೆಸರೊಂದನ್ನೇ ನೋಡದಿರಲಿ. ಹರಳುಗಳ ವಯಸ್ಸು ಅಳೆಯುವ ಯಂತ್ರ ಲ್ಯಾಬಿನಲ್ಲಿದೆಯಾ, ವರ್ಷಕ್ಕೆ ಎಷ್ಟು ವಾರ ಫೀಲ್ಡಿಗೆ ಕಳಿಸುತ್ತಾರೆ, ಈ ಎರಡನ್ನು ಅಲ್ಲಿರುವ ಹಳೆಯ ವಿದ್ಯಾರ್ಥಿಗಳ ಹತ್ತಿರವೇ ಕೇಳಿಕೊಳ್ಳಲಿ.